ನಾಲೆ ಏರಿಯ ಮಾದರಿಯಲ್ಲಿ ರಂಧ್ರದೊತ್ತಡ ಗರಗಸದಂತೆ ಏರಿಳಿಯುವುದು
ಮಂಡ್ಯದ ನಾಲೆ ಏರಿಯ ಜೇಡಿಮಣ್ಣು ಬಿಸಿಲಿಗೆ ಕಾಯುವ ನಿಮ್ಮ ಕಂಪ್ಯೂಟರ್ ಮಾದರಿಯಲ್ಲಿ, ಮೇಲ್ಮೈ ಬಳಿ ರಂಧ್ರದೊತ್ತಡ (ಮಣ್ಣಿನ ರಂಧ್ರಗಳಲ್ಲಿನ ನೀರಿನ ಒತ್ತಡ) ಗರಗಸದ ಹಲ್ಲಿನಂತೆ ಏರಿಳಿಯುತ್ತಿರುವುದೇಕೆ ಎಂದು ಕೇಳಿದ್ದೀರಿ. ಬಹುಶಃ ಕಾರಣ ಬಯೋ ಸಮೀಕರಣವಲ್ಲ (ಮಣ್ಣಿನ ವಿರೂಪ ಮತ್ತು ನೀರಿನ ಹರಿವನ್ನು ಒಟ್ಟಿಗೆ ಲೆಕ್ಕ ಹಾಕುವ ಸಮೀಕರಣ), ಕಾಲದ ಹೆಜ್ಜೆ, ಅಂದರೆ ಒಂದು ಲೆಕ್ಕದಿಂದ ಮುಂದಿನದಕ್ಕಿರುವ ಸಮಯದ ಅಂತರ, ತೀರಾ ಚಿಕ್ಕದಾಗಿರುವುದು. ಹೆಜ್ಜೆ ಕಿರಿದಾದಷ್ಟೂ ನಿಖರ ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ. ಪೂರ್ಣ ಇಂಪ್ಲಿಸಿಟ್ ವಿಧಾನದಲ್ಲಿ (ಪ್ರತಿ ಹೆಜ್ಜೆಯನ್ನೂ ಅದರ ಕೊನೆಯ ಕ್ಷಣದ ಮೌಲ್ಯಗಳಿಂದ ಬಿಡಿಸುವ ವಿಧಾನ) ಕಾಲದ ಹೆಜ್ಜೆ, ಜಾಲರಿಯ ಒಂದು ಕಣ್ಣಿನ ಅಳತೆಯ ವರ್ಗವನ್ನು ಸಾಂದ್ರೀಕರಣ ಗುಣಾಂಕದ (ಹೊರೆಗೆ ಮಣ್ಣು ನೀರು ಬಿಟ್ಟು ಕುಗ್ಗುವ ವೇಗದ ಅಳತೆ) 6 ಪಟ್ಟಿನಿಂದ ಭಾಗಿಸಿದಷ್ಟಾದರೂ ಇರಬೇಕು. 10 ಸೆಂ.ಮೀ. ಜಾಲರಿಗೆ, ಗುಣಾಂಕ ಸೆಕೆಂಡಿಗೆ 10⁻⁷ ಚದರ ಮೀಟರ್ ಇದ್ದರೆ, ಸುಮಾರು 4.6 ಗಂಟೆ. ನೀವು ಇಟ್ಟಿರುವುದು 60 ಸೆಕೆಂಡು! ಅದೇ ಬೇಕೆಂದರೆ ಮೇಲ್ಪದರದ ಜಾಲರಿಯನ್ನು 6 ಮಿ.ಮೀ.ಗೆ ಇಳಿಸಿ.

ಆಮೇಲೆ ಮಣ್ಣಿನ ಸ್ಥಾನಾಂತರಕ್ಕೆ ಎರಡನೇ ಘಾತದ, ಒತ್ತಡಕ್ಕೆ ಒಂದನೇ ಘಾತದ ಎಲಿಮೆಂಟ್ (ಜಾಲರಿಯ ತುಂಡು) ಕೊಡಿ. ಉಷ್ಣತೆ ಸ್ಥಿರವಿಟ್ಟು ಮಣ್ಣಿನ ಸಾಂದ್ರೀಕರಣಕ್ಕೆ ಟೆರ್ಜಾಗಿ ಕೊಟ್ಟ ಏಕ ಆಯಾಮದ ಪರಿಹಾರದೊಂದಿಗೆ ತಾಳೆ ನೋಡಿ. ಆಗಲೂ ಹಲ್ಲು ಉಳಿದರೆ ತಪ್ಪು ಗಡಿ ಷರತ್ತಿನಲ್ಲಿ (ಮಾದರಿಯ ಅಂಚುಗಳಿಗೆ ಕೊಟ್ಟ ಮೌಲ್ಯಗಳಲ್ಲಿ) ಇರಬಹುದು. ತಾಳೆಯಾದ ಮೇಲಷ್ಟೇ ಶಾಖ ಸೇರಿಸಿ. ನೀರಿನ ಹಿಗ್ಗುವಿಕೆಗೆ ಒಂದೇ ಸ್ಥಿರಾಂಕ ಸಾಲದು: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪ್ರತಿ ಡಿಗ್ರಿಗೆ 2.1×10⁻⁴, 40ರಲ್ಲಿ 3.8×10⁻⁴.