ಟ್ರ್ಯಾಕ್ಟರ್ ಎಳೆದರೂ ಕೆಸರಿನಿಂದ ಕಾರು ಮೇಲೇಳದಿದ್ದರೆ

ಎರಡು ಸಲ ಹಗ್ಗ ಹರಿದರೂ ಕಾರು ಅಲುಗಲಿಲ್ಲ ಅಂದರೆ, ಬಹುಶಃ ಕಾರಿನ ಹೊಟ್ಟೆಯೇ ಕೆಸರಿನ ಮೇಲೆ ಕೂತಿದೆ. ಈಗ ಎಳೆದರೆ ನೇಗಿಲು ಎಳೆದಂತೆಯೇ.

ಮೊದಲು ಸಲಿಕೆ ಹಿಡಿಯಿರಿ. ಅಡಿಯ ಮಣ್ಣು ಕೆರೆದು, ಎಳೆಯುವ ದಿಕ್ಕಿನಲ್ಲಿ ಪ್ರತಿ ಚಕ್ರಕ್ಕೂ ಇಳಿಜಾರು ದಾರಿ ಮಾಡಿ. ಹೋದ ಜಾಡಿನಲ್ಲೇ ಹಿಂದಕ್ಕೆ ಎಳೆಯುವುದು ಸುಲಭ.

ಹಗ್ಗವನ್ನು ಬಂಪರ್‌ಗೂ ಸಸ್ಪೆನ್ಷನ್‌ಗೂ ಕಟ್ಟಬೇಡಿ, ಕಾರು ಎಳೆಯಲೆಂದೇ ಇರುವ ಕೊಂಡಿ, ಅಂದರೆ ಟೋ ಹುಕ್‌ಗೇ ಹಾಕಿ. ತಿರುಗಿಸಿ ಕೂರಿಸುವ ಹುಕ್ ಆದರೆ ಪೂರ್ತಿ ಬಿಗಿಯಾಗಲಿ. ಕೆಲವು ಕಾರುಗಳಲ್ಲಿ ಹುಕ್‌ನ ಮರೆ (ಥ್ರೆಡ್) ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಸಮತಟ್ಟು ರಸ್ತೆಯಲ್ಲಿ ಎಳೆಯಲೆಂದು ಮಾಡಿದ ಹುಕ್ ಅದು, ಒಮ್ಮೆಲೇ ಜಗ್ಗಿದರೆ ಮುರಿದು ಗುಂಡಿನಂತೆ ಹಾರೀತು.

ಟ್ರ್ಯಾಕ್ಟರ್ ಕಡೆ ಹಿಂದೆ ಕೆಳಗಿರುವ, ಟ್ರೈಲರ್ ಸಿಕ್ಕಿಸುವ ಡ್ರಾಬಾರ್‌ಗೆ ಮಾತ್ರ ಕಟ್ಟಿ. ನೇಗಿಲಿನಂಥ ಉಪಕರಣ ಜೋಡಿಸುವ ಮೇಲಿನ ತೋಳು, ಅಂದರೆ ಟಾಪ್ ಲಿಂಕ್‌ಗೆ ಕಟ್ಟಿದರೆ ಮುಂದಿನ ಚಕ್ರ ಎದ್ದು ಟ್ರ್ಯಾಕ್ಟರೇ ಹಿಂದಕ್ಕೆ ಮಗುಚೀತು, ಇದರಲ್ಲಿ ಮಾತ್ರ ರಾಜಿ ಬೇಡ. ಮೊದಲನೇ ಲೋ ಗೇರ್‌ನಲ್ಲಿ ಹಗ್ಗದ ಸಡಿಲು ತೆಗೆದು, ಬಿಗಿಯಾದ ಮೇಲೆ ನಿಧಾನ ಎಳೆಯಲಿ.

ಕಾರು ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಇಳಿಸಿ, ಸ್ಟೀರಿಂಗ್ ನೇರ ಹಿಡಿಯಿರಿ. ಹಗ್ಗದ ನಡುವೆ ಒದ್ದೆ ಗೋಣಿಚೀಲ ಹೊದಿಸಿ; ನೋಡಲು ಬಂದವರು ಹಗ್ಗದ ಒಂದೂವರೆ ಪಟ್ಟು ದೂರ ನಿಲ್ಲಲಿ. ಆಗಲೂ ಬರದಿದ್ದರೆ ಜೋರು ಮಾಡಬೇಡಿ, ಮತ್ತೆ ಅಗೆಯಿರಿ.