ಪ್ರತಿ: ಚುನಾವಣೆ ಮುಗಿದರೂ ಸುಸ್ತು, ರಾತ್ರಿಯೆಲ್ಲ ಮ್ಯಾಟ್ರಿಮನಿ ಆ್ಯಪ್

ಚುನಾವಣೆ ಮುಗಿದರೂ ಸುಸ್ತು ಹೋಗಿಲ್ಲ, ರಾತ್ರಿಯೆಲ್ಲ ಮ್ಯಾಟ್ರಿಮನಿ ಆ್ಯಪ್‌ನಲ್ಲೇ ಇರುತ್ತೇನೆ, ಯಾರೂ ಉತ್ತರಿಸುವುದಿಲ್ಲ, ಒಂಟಿತನ ಕಾಡುತ್ತಿದೆ ಎಂದು ಬರೆದಿದ್ದೀರಿ. ಒಂಟಿತನಕ್ಕಿಂತ ಮೊದಲು ಇದು ನಿದ್ದೆಗೇಡು ಇರಬಹುದು. ಮಂಗಳೂರಿನ ಬಿಜೈಯ ರೂಮಿನಲ್ಲಿ ಒಬ್ಬರೇ ಕೂತು ಹನ್ನೊಂದರವರೆಗೆ ಫ್ಯಾಮಿಲಿ ಗ್ರೂಪಿನ ಪಕ್ಷ-ಜಗಳ ಓದಿ, ಅದೇ ಕಾವಿನಲ್ಲಿ ಆ್ಯಪ್ ತೆರೆದರೆ ಉತ್ತರ ಬಾರದ್ದೆಲ್ಲ ತಿರಸ್ಕಾರವೆಂದೇ ಅನಿಸುತ್ತದೆ.

ಮೊದಲು ವಾಟ್ಸಾಪ್. ಗ್ರೂಪಿನ ಹೆಸರು ಒತ್ತಿ, ಮ್ಯೂಟ್‌ನಲ್ಲಿ ‘ಆಲ್ವೇಸ್’ ಆರಿಸಿ, ಆಮೇಲೆ ಆರ್ಕೈವ್ ಮಾಡಿ. ಸೆಟ್ಟಿಂಗ್ಸ್‌ನ ಚಾಟ್ಸ್‌ನಲ್ಲಿ ‘ಕೀಪ್ ಚಾಟ್ಸ್ ಆರ್ಕೈವ್ಡ್’ ಆನ್ ಇರಬೇಕು, ಇಲ್ಲದಿದ್ದರೆ ಹೊಸ ಮೆಸೇಜ್ ಬಂದ ಕೂಡಲೇ ಗ್ರೂಪ್ ಮತ್ತೆ ಮೇಲೆ ಬರುತ್ತದೆ. ಗ್ರೂಪ್ ಬಿಡಬೇಡಿ, ಬಿಟ್ಟರೆ ಅದೇ ಇನ್ನೊಂದು ಚರ್ಚೆ.

ಆ್ಯಪ್‌ಗೆ ಸಂಜೆ ಅರ್ಧ ಗಂಟೆ ಸಾಕು. ಬರೀ ‘ಹಾಯ್’ ಕಳಿಸಿದರೆ ಎದುರಿನವರಿಗೆ ಹೇಳಲು ಏನೂ ಇರುವುದಿಲ್ಲ. ಪ್ರೊಫೈಲಿನ ಒಂದು ವಿಷಯ ಹಿಡಿದು ಕೇಳಿ: ‘ಯಕ್ಷಗಾನ ಇಷ್ಟ ಅಂತ ಬರೆದಿದ್ದೀರಿ, ತೆಂಕೋ ಬಡಗೋ?’ ಮಾತು ಕುದುರಿದರೆ ಹಗಲಲ್ಲೇ, ಕದ್ರಿ ಪಾರ್ಕಿನಂಥ ಜನ ಇರುವ ಜಾಗದಲ್ಲಿ ಭೇಟಿಯಾಗಿ. ಭೇಟಿಗೆ ಮೊದಲೇ ಹಣ ಕೇಳಿದರೆ ಬ್ಲಾಕ್ ಮಾಡಿ. ಹಣ ಕಳಿಸಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಜೊತೆಗೆ ವಾರವಾರ ಅದೇ ಮುಖಗಳು ಸಿಗುವ ಒಂದು ಜಾಗ ಹುಡುಕಿ: ಚೆಂಡೆ ಕ್ಲಾಸೋ, ಸಂಜೆಯ ಶಟಲ್ಲೋ. ನಿಜವಾದ ಗೆಳೆತನ ಹೆಚ್ಚಾಗಿ ಅಲ್ಲೇ ಹುಟ್ಟುವುದು.

ಎರಡು ವಾರವಾದರೂ ನಿದ್ದೆ, ಊಟ ಸರಿಹೋಗದಿದ್ದರೆ ದಯವಿಟ್ಟು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ಉಚಿತ, ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.