ಮೂಲ ಕರ್ತೃವಿಲ್ಲದ ‘ಗಾರ್ಗಾಯ್ಲ್ಸ್’ ಕೊನೆಯ ಸೀಸನ್ ನೋಡಬೇಕೆ, ಬಿಡಬೇಕೆ?

ಹಗಲು ಕಲ್ಲಾಗಿದ್ದು ರಾತ್ರಿ ಜೀವ ತಳೆದು ನ್ಯೂಯಾರ್ಕ್ ಕಾಯುವ ರೆಕ್ಕೆಯ ಯೋಧರ ಕಥೆಯಾದ ‘ಗಾರ್ಗಾಯ್ಲ್ಸ್’ ಆನಿಮೇಶನ್ ಸರಣಿಯ ಎರಡು ಸೀಸನ್‌ಗಳನ್ನು ಮುಗಿಸಿದ್ದೀರಿ. ಮೂರನೆಯದನ್ನು ಮೂಲ ಕರ್ತೃ ಮಾಡಿಲ್ಲವೆಂದು ಕೇಳಿ ಹಿಂಜರಿಯುತ್ತಿದ್ದೀರಿ. ಅದು ಇಲ್ಲವೇ ಇಲ್ಲ ಎಂದುಕೊಳ್ಳಿ ಎಂದು ಅಭಿಮಾನಿಗಳಲ್ಲಿ ಒಂದು ಪಕ್ಷ ಹೇಳಿದರೆ, ಅದನ್ನು ಬಿಟ್ಟರೆ ಕಥೆಗೆ ಮುಕ್ತಾಯವೇ ಸಿಗುವುದಿಲ್ಲ ಎಂದು ಇನ್ನೊಂದು ಪಕ್ಷ ವಾದಿಸುತ್ತದೆ. ಯಾರ ಮಾತು ಕೇಳಬೇಕು ಎಂಬುದು ನಿಮ್ಮ ಪ್ರಶ್ನೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಮೂರನೆಯ ಸೀಸನ್‌ನ ಮೊದಲ ಕಂತನ್ನು ತಪ್ಪದೆ ನೋಡಿ, ಉಳಿದ ಹನ್ನೆರಡು ಕಂತುಗಳನ್ನು ನೋಡುವುದಾದರೆ, ಅದೇ ಪಾತ್ರಗಳನ್ನು ಇಟ್ಟುಕೊಂಡು ಬೇರೆಯವರು ಹೇಳಿದ ಬೇರೆ ಕಥೆ ಎಂದು ತಿಳಿದು ನೋಡಿ. ಆದರೆ ನಾನು ಈ ನಿಲುವಿಗೆ ಬಂದ ಕಾರಣವೂ ಅಭಿಮಾನಿಗಳು ಸಾಮಾನ್ಯವಾಗಿ ಕೊಡುವ ಕಾರಣವೂ ಒಂದೇ ಅಲ್ಲ.

ನಾನು ಈ ಸರಣಿಯನ್ನು ಬಾಲ್ಯದಲ್ಲಿ ನೋಡಿದವನಲ್ಲ. ಮೂವತ್ತು ದಾಟಿದ ಮೇಲೆ, ಒಂದು ಮಳೆಗಾಲದಲ್ಲಿ, ರಾತ್ರಿಗೆ ಎರಡು ಮೂರು ಕಂತುಗಳಂತೆ ಸಾಲಾಗಿ ನೋಡಿದವನು. ಹಾಗಾಗಿ ಬಾಲ್ಯದ ನೆನಪಿನ ಮಮಕಾರ ನನಗಿಲ್ಲ. ಸಾಲಾಗಿ ನೋಡಿದ್ದರಿಂದ ಒಂದು ಅನುಕೂಲವಾಯಿತು. ಎರಡನೆಯ ಸೀಸನ್ ಮುಗಿದು ಮೂರನೆಯದು ಶುರುವಾಗುವ ಜಾಗದಲ್ಲಿ ಕಾಲಿಗೆ ಕಲ್ಲು ತಗುಲಿದಂತೆ ಆಗುವುದು ಸ್ಪಷ್ಟವಾಗಿ ಅನುಭವಕ್ಕೆ ಬಂತು. ಆಗ ನನಗೆ ಮೂಲ ಕರ್ತೃ ಗ್ರೆಗ್ ವೈಸ್‌ಮನ್ ಯಾರೆಂದೂ ಗೊತ್ತಿರಲಿಲ್ಲ, ಅವರು ಹೊರಹೋಗಿದ್ದರೆಂಬುದೂ ತಿಳಿದಿರಲಿಲ್ಲ. ಕಥೆ ಬೇರೆಯವರ ಕೈಗೆ ಹೋಗಿದೆ ಎಂಬುದು ಮಾತ್ರ ಎರಡನೆಯ ಕಂತಿನ ಹೊತ್ತಿಗೇ ತಿಳಿದುಹೋಯಿತು.

ಹಿನ್ನೆಲೆ ಹೀಗಿದೆ. ಡಿಸ್ನಿಯ ಈ ಸರಣಿ ಅಮೆರಿಕದಲ್ಲಿ 1994ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. ಮೊದಲ ಸೀಸನ್‌ಗೆ 13 ಕಂತು, ಎರಡನೆಯದಕ್ಕೆ 52, ಒಟ್ಟು 65. ಇವು ‘ಡಿಸ್ನಿ ಆಫ್ಟರ್‌ನೂನ್’ ಎಂಬ ಮಧ್ಯಾಹ್ನದ ಕಾರ್ಯಕ್ರಮದ ಭಾಗವಾಗಿ ದೇಶದ ಬೇರೆ ಬೇರೆ ವಾಹಿನಿಗಳಲ್ಲಿ ಪ್ರಸಾರವಾದವು. 1995ರಲ್ಲಿ ಡಿಸ್ನಿ ಎಬಿಸಿ ಎಂಬ ಟಿವಿ ಜಾಲವನ್ನು ಕೊಳ್ಳುವುದಾಗಿ ಘೋಷಿಸಿ, ಮರುವರ್ಷ ಆ ವ್ಯವಹಾರ ಮುಗಿಸಿತು. 1996ರ ಸೆಪ್ಟೆಂಬರ್‌ನಲ್ಲಿ ಮೂರನೆಯ ಸೀಸನ್ ‘ದಿ ಗೋಲಿಯಾತ್ ಕ್ರಾನಿಕಲ್ಸ್’ ಎಂಬ ಉಪಶೀರ್ಷಿಕೆ ಹೊತ್ತು ಎಬಿಸಿಯ ಶನಿವಾರ ಬೆಳಗಿನ ಮಕ್ಕಳ ವೇಳೆಗೆ ಬಂತು. 1997ರ ಫೆಬ್ರುವರಿಗೆ 13 ಕಂತುಗಳಲ್ಲಿ ಮುಗಿಯಿತು. ವೈಸ್‌ಮನ್ ಅದರ ಮೊದಲ ಕಂತಾದ ‘ದಿ ಜರ್ನಿ’ಯನ್ನು ಬರೆದು ಹೊರನಡೆದರು. ಗಾರ್ಗಾಯ್ಲ್‌ಗಳ ನಾಯಕ ಗೋಲಿಯಾತ್‌ಗೆ ಕೀತ್ ಡೇವಿಡ್ ಅವರ ಆ ಗುಡುಗಿನಂಥ ಧ್ವನಿ ಮಾತ್ರ ಹಾಗೆಯೇ ಉಳಿಯಿತು. ಅದೇ ಬಾಯಿಂದ ಬೇರೆಯವರ ಮಾತು ಕೇಳುವಾಗ ಆಗುವ ಕಸಿವಿಸಿಯೇ ಬೇರೆ.

ಈಗ ನನ್ನ ಮುಖ್ಯ ಮಾತು. ಮೊದಲ ಎರಡು ಸೀಸನ್‌ಗಳ ಹೆಚ್ಚುಗಾರಿಕೆ ಇರುವುದು ಷೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್, ಪಕ್, ಓಬೆರಾನ್ ಬಂದುಹೋಗುವುದರಲ್ಲಿ ಎಂದು ಬಹಳ ಜನ ಹೇಳುತ್ತಾರೆ. ಅದು ಸೊಗಸೇ, ಅಲ್ಲವೆನ್ನುವುದಿಲ್ಲ. ಆದರೆ ನನ್ನ ದೃಷ್ಟಿಯಲ್ಲಿ ಅದರ ನಿಜವಾದ ಬಲ ನೆನಪು. ಒಂದು ಕಂತಿನಲ್ಲಿ ಆದದ್ದು ಮುಂದಿನ ಕಂತುಗಳಲ್ಲಿ ಆಗಿಯೇ ಇರುತ್ತದೆ.

‘ಡೆಡ್ಲಿ ಫೋರ್ಸ್’ ಕಂತನ್ನು ನೆನಪಿಸಿಕೊಳ್ಳಿ. ಬ್ರಾಡ್‌ವೇ ಎಂಬ ಎಳೆಯ ಗಾರ್ಗಾಯ್ಲ್ ಚಿತ್ರಮಂದಿರದಲ್ಲಿ ಕೌಬಾಯ್ ಚಿತ್ರ ನೋಡಿ, ಅದೇ ಹುಮ್ಮಸ್ಸಿನಲ್ಲಿ ಅವರ ಗೆಳತಿ, ಪತ್ತೇದಾರಿಣಿ ಎಲೀಸಾಳ ಮನೆಗೆ ಬರುತ್ತಾನೆ. ಅವಳ ಪೊಲೀಸ್ ಪಿಸ್ತೂಲು ಕೈಗೆ ಸಿಗುವಂತೆ ತೂಗುಹಾಕಿರುತ್ತದೆ. ಆಟಕ್ಕೆಂದು ಹಿಡಿದು ತಿರುಗಿಸುತ್ತಾನೆ, ಗುಂಡು ಹಾರುತ್ತದೆ. ಒಳಗೆ ಹೋಗಿ ನೋಡಿದರೆ ಅವಳು ನೆಲದ ಮೇಲೆ ರಕ್ತದಲ್ಲಿ ಬಿದ್ದಿದ್ದಾಳೆ. ಮಕ್ಕಳ ಕಾರ್ಟೂನಿನಲ್ಲಿ ಹಾಗೆ ರಕ್ತ ತೋರಿಸಿದ್ದಕ್ಕಾಗಿ ಮುಂದೆ ಮರುಪ್ರಸಾರಗಳಲ್ಲಿ ಆ ದೃಶ್ಯಕ್ಕೆ ಕತ್ತರಿ ಬಿದ್ದದ್ದೂ ಉಂಟು. ನನಗೆ ಮುಖ್ಯವೆನಿಸಿದ್ದು ಅದರ ಮುಂದಿನದು. ಕೊನೆಗೆ ಆಸ್ಪತ್ರೆಯಲ್ಲಿ ತಪ್ಪನ್ನು ಅವನು ತನ್ನದೆನ್ನುತ್ತಾನೆ, ಆಯುಧವನ್ನು ಎಚ್ಚರದಿಂದ ಇಡದ ತಪ್ಪು ತನ್ನದೆಂದು ಅವಳು ಹೇಳುತ್ತಾಳೆ. ಅಲ್ಲಿಗೆ ಮುಗಿಯುವುದಿಲ್ಲ. ಮುಂದಿನ ಕಂತುಗಳಲ್ಲಿ, ಕಥೆ ಯಾವುದೇ ಇರಲಿ, ಬ್ರಾಡ್‌ವೇ ಬಂದೂಕು ಕಂಡರೆ ಸಿಡುಕುತ್ತಾನೆ, ಕೈಗೆ ಸಿಕ್ಕರೆ ಹಿಸುಕಿ ಮುರಿಯುತ್ತಾನೆ. ಯಾರೂ ಅದನ್ನು ವಿವರಿಸುವುದಿಲ್ಲ. ಹಿಂದಿನದನ್ನು ನೋಡಿದವರಿಗೆ ವಿವರಣೆ ಬೇಕಾಗಿಯೂ ಇಲ್ಲ. ಹಾಗೆಯೇ ಎಲೀಸಾಳ ತಮ್ಮ ಡೆರೆಕ್ ರೆಕ್ಕೆಯ ಪ್ರಾಣಿಯಾಗಿ ಮಾರ್ಪಟ್ಟ ಮೇಲೆ, ಮುಂದಿನ ವಾರ ಮದ್ದು ಕುಡಿದು ಮೊದಲಿನಂತಾಗುವುದಿಲ್ಲ. ಗಾರ್ಗಾಯ್ಲ್‌ಗಳ ಹಗೆಯಾದ ಕೋಟ್ಯಧಿಪತಿ ಜನಾಟೋಸ್ ಮದುವೆಯಾಗುತ್ತಾನೆ, ತಂದೆಯಾಗುತ್ತಾನೆ. ಆ ಮಗುವನ್ನು ಯಕ್ಷಲೋಕದ ದೊರೆ ಓಬೆರಾನ್‌ನಿಂದ ಉಳಿಸಿಕೊಳ್ಳಲು ಗೋಲಿಯಾತ್ ನೆರವಾದ ಋಣವೇ ಮುಂದೆ ಅವರಿಬ್ಬರ ಹಗೆತನದ ದಿಕ್ಕು ಬದಲಿಸುತ್ತದೆ.

ಮೂರನೆಯ ಸೀಸನ್ ಕಳೆದುಕೊಂಡದ್ದು ಇದನ್ನು. ಪಾತ್ರಗಳ ಹೆಸರು, ಮುಖ, ಧ್ವನಿ ಎಲ್ಲ ಅಲ್ಲೇ ಇವೆ. ಅವರಿಗೆ ನಿನ್ನೆ ಎಂಬುದು ಮಾತ್ರ ಇಲ್ಲ. ವಾರಕ್ಕೊಂದು ಸಮಸ್ಯೆ, ಇಪ್ಪತ್ತೆರಡು ನಿಮಿಷದಲ್ಲಿ ಪರಿಹಾರ, ಮುಂದಿನ ಶನಿವಾರ ಮತ್ತೆ ಮೊದಲಿನಿಂದ. ಸೋತರೂ ತನಗೆ ಲಾಭವಾಗುವಂತೆ ಹೂಡುವ ಜಾಣತನಕ್ಕೆ ಅಭಿಮಾನಿಗಳು ‘ಜನಾಟೋಸ್ ಗ್ಯಾಂಬಿಟ್’ ಎಂದೇ ಹೆಸರಿಟ್ಟಿದ್ದಾರೆ. ಅಂಥ ಹೂಟಗಾರ ಇಲ್ಲಿ ಉದಾರ ಮನೆಯೊಡೆಯನಾಗಿ, ಹಲ್ಲು ಕಿತ್ತ ಹಾವಿನಂತೆ ಕುಳಿತಿದ್ದಾನೆ.

ಒಂದೇ ಎಳೆಯನ್ನು ಎರಡು ಕೈಗಳು ಹೇಗೆ ನೇಯ್ದವು ಎಂಬುದಕ್ಕೆ ತದ್ರೂಪಿಗಳ ಕಥೆಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಎರಡನೆಯ ಸೀಸನ್‌ನ ಕೊನೆಯ ಭಾಗದಲ್ಲಿ ಗೋಲಿಯಾತ್‌ನದೇ ದುಷ್ಟ ತದ್ರೂಪಿಯಾದ ಥೈಲಾಗ್ ಸೃಷ್ಟಿಸಿದ ಐದು ತದ್ರೂಪಿ ಗಾರ್ಗಾಯ್ಲ್‌ಗಳು, ತಮ್ಮದೆಂಬ ಬುದ್ಧಿಯೇ ಇಲ್ಲದವರು, ಡೆರೆಕ್‌ನ ಆಶ್ರಯಕ್ಕೆ ಬರುತ್ತಾರೆ. ಅವರು ಸ್ವಂತವಾಗಿ ಯೋಚಿಸಲು ಕಲಿಯುವರೇ ಎಂಬುದು ಅಲ್ಲಿ ಉಳಿಯುವ ಪ್ರಶ್ನೆ. ಮೂರನೆಯ ಸೀಸನ್‌ನ ‘ಜೆನೆಸಿಸ್ ಅನ್‌ಡನ್’ ಕಂತಿನಲ್ಲಿ ಅವರಿಗೆ ರೋಗ ತಗುಲಿ, ಎಲ್ಲರೂ ಶಾಶ್ವತವಾಗಿ ಕಲ್ಲಾಗುತ್ತಾರೆ. ಪ್ರಶ್ನೆ ಉತ್ತರ ಸಿಗುವ ಮೊದಲೇ ಮುಗಿಯಿತು. ಹತ್ತು ವರ್ಷದ ಬಳಿಕ ವೈಸ್‌ಮನ್ ಅದೇ ತದ್ರೂಪಿಗಳನ್ನು ಕಾಮಿಕ್ಸ್‌ನಲ್ಲಿ ಮತ್ತೆ ಕೈಗೆತ್ತಿಕೊಂಡರು. ಅಲ್ಲಿ ಥೈಲಾಗ್ ಅವರನ್ನು ಪುನಃ ಸೆಳೆಯಲು ಬರುತ್ತಾನೆ, ಅವರ ಮುಂದೆ ಆಯ್ಕೆ ಇರುತ್ತದೆ, ಅವರಲ್ಲಿ ಬ್ರೆಂಟ್‌ವುಡ್ ಎಂಬವನು ಥೈಲಾಗ್‌ನ ಜೊತೆಗೇ ಹೋಗಲು ಒಪ್ಪುತ್ತಾನೆ. ತಪ್ಪು ಆಯ್ಕೆಯೇ ಇರಬಹುದು. ಆದರೆ ಆಯ್ಕೆ ಮಾಡಲು ಕಲಿತಿದ್ದಾನೆ. ಈ ಎರಡನ್ನು ಅಕ್ಕಪಕ್ಕ ಇಟ್ಟುಕೊಂಡು ನೋಡಿದವರಿಗೆ ನಾನು ಹೆಚ್ಚು ವಾದ ಮಾಡಬೇಕಾಗುವುದಿಲ್ಲ.

ಹಾಗೆಂದು ಮೂರನೆಯ ಸೀಸನ್ ಮಾಡಿದವರನ್ನು ಬೈಯುವವರ ಗುಂಪಿಗೆ ನನ್ನನ್ನು ಸೇರಿಸಬೇಡಿ. ವಾರದ ದಿನಗಳಲ್ಲಿ ಮಧ್ಯಾಹ್ನ ಬರುತ್ತಿದ್ದ ಕಾರ್ಯಕ್ರಮಕ್ಕೂ ಶನಿವಾರ ಬೆಳಿಗ್ಗೆ ಚಿಕ್ಕ ಮಕ್ಕಳಿಗಾಗಿ ರಾಷ್ಟ್ರಮಟ್ಟದ ಜಾಲದಲ್ಲಿ ಬರುವ ಕಾರ್ಯಕ್ರಮಕ್ಕೂ ಕಟ್ಟುಪಾಡುಗಳು ಬೇರೆ. ಅಲ್ಲಿ ರಕ್ತದ ಮಾತಿರಲಿ, ಹಿಂದಿನ ವಾರದ ಕಥೆ ಗೊತ್ತಿದ್ದರೆ ಮಾತ್ರ ಅರ್ಥವಾಗುವ ಕಥೆಯನ್ನೂ ಹೇಳುವುದು ಕಷ್ಟ. ಮುದಿ ಗಾರ್ಗಾಯ್ಲ್ ಹಡ್ಸನ್‌ನ ಉಳಿದ ಒಂದು ಕಣ್ಣಿನ ದೃಷ್ಟಿಯೂ ಗ್ಲಾಕೋಮಾದಿಂದ ಮಂಜಾಗುವ ‘ದಿ ಡೈಯಿಂಗ್ ಆಫ್ ದ ಲೈಟ್’ ಕಂತು, ಮುದಿತನವನ್ನು ಒಪ್ಪಿಕೊಳ್ಳಲಾರದ ಯೋಧನ ಕಥೆಯಾಗಿ, ನನಗೆ ನಿಜಕ್ಕೂ ಹಿಡಿಸಿತು. ಕೊನೆಯ ಕಂತು ‘ಏಂಜಲ್ಸ್ ಇನ್ ದ ನೈಟ್’ನಲ್ಲಿ ಗಾರ್ಗಾಯ್ಲ್‌ಗಳು ಅಪಾಯಕ್ಕೆ ಸಿಲುಕಿದ ರೈಲಿನ ಪ್ರಯಾಣಿಕರನ್ನು ಉಳಿಸುತ್ತಾರೆ, ಊರು ಅವರನ್ನು ಒಪ್ಪಿಕೊಳ್ಳುತ್ತದೆ. ಎಂಟು ಹತ್ತು ವರ್ಷದ ವಯಸ್ಸಿನಲ್ಲಿ ಅದನ್ನು ನೋಡಿದವರು ಇಂದಿಗೂ ಅದೇ ನನ್ನ ಮುಕ್ತಾಯ ಎಂದರೆ, ಅದನ್ನು ಅವರಿಂದ ಕಸಿದುಕೊಳ್ಳಲು ನಾನು ಯಾರು? ನನ್ನ ತಕರಾರು ಇಷ್ಟೇ: ಮನುಷ್ಯರಿಗೂ ಗಾರ್ಗಾಯ್ಲ್‌ಗಳಿಗೂ ನಡುವಿನ ಸಾವಿರ ವರ್ಷದ ದ್ವೇಷವನ್ನು ಅರವತ್ತೈದು ಕಂತುಗಳ ಕಾಲ ತೂಗಿ ನೋಡಿದ ಕಥೆ, ಒಂದು ರೈಲು ಉಳಿಸಿದ ಮಾತ್ರಕ್ಕೆ ತೀರಿಹೋಗುವುದು ಅಗ್ಗದ ವ್ಯಾಪಾರ.

ಇನ್ನು ‘ಮೂಲ ಕರ್ತೃ ಇಲ್ಲದ್ದು ನಕಲಿ’ ಎಂಬ ಘೋಷಣೆಯ ವಿಚಾರ. ಇದನ್ನು ಪೂರ್ತಿ ಒಪ್ಪಲು ನನಗೆ ಕಷ್ಟವಾಗುತ್ತದೆ. ಆನಿಮೇಶನ್ ಸರಣಿ ಒಬ್ಬರೇ ಕುಳಿತು ಬರೆಯುವ ಕಾದಂಬರಿಯಲ್ಲ. ಮೊದಲ ಎರಡು ಸೀಸನ್‌ಗಳ ಗಾಢ ನೋಟಕ್ಕೆ ಫ್ರಾಂಕ್ ಪಾವರ್, ಬರವಣಿಗೆಯ ಬಿಗಿಗೆ ಮೈಕೇಲ್ ರೀವ್ಸ್ ಅಂಥವರು ಅಷ್ಟೇ ಹೊಣೆ. ಕರ್ತೃ ಹಿಂದಿರುಗಿ ಬಂದರೂ ಜಗಳ ನಿಲ್ಲುವುದಿಲ್ಲ ಎಂಬುದಕ್ಕೆ ‘ಸಮುರಾಯ್ ಜ್ಯಾಕ್’ ಎಂಬ ಇನ್ನೊಂದು ಆನಿಮೇಶನ್ ಸರಣಿ ಇದೆ. 2004ರಲ್ಲಿ ಅರ್ಧಕ್ಕೆ ನಿಂತದ್ದನ್ನು 2017ರಲ್ಲಿ ಸ್ವತಃ ಅದರ ಕರ್ತೃ ಗೆಂಡಿ ಟಾರ್ಟಕೋವ್‌ಸ್ಕಿಯವರೇ ಹತ್ತು ಕಂತುಗಳಲ್ಲಿ ಮುಗಿಸಿದರು, ಮತ್ತು ಅದರ ನಾಯಕಿ ಆಶಿಗೆ ಆದ ಗತಿಯನ್ನು ನೋಡಿ ಅಭಿಮಾನಿಗಳು ಈಗಲೂ ಎರಡು ಪಾಲಾಗಿ ಕಾದಾಡುತ್ತಾರೆ. ಅದೇ ಟಾರ್ಟಕೋವ್‌ಸ್ಕಿ ತಮ್ಮ ಇನ್ನೊಂದು ಸರಣಿ ‘ಡೆಕ್ಸ್‌ಟರ್ಸ್ ಲ್ಯಾಬೊರೇಟರಿ’ಯನ್ನು ಬಿಟ್ಟುಹೋದ ಮೇಲೆ ಬಂದ ಕೊನೆಯ ಎರಡು ಸೀಸನ್‌ಗಳ ಬಗ್ಗೆ ಇನ್ನೊಂದು ವ್ಯಾಜ್ಯವೇ ಇದೆ, ಅದನ್ನು ಇಲ್ಲಿ ಬಿಚ್ಚುವುದು ಬೇಡ.

ನಮ್ಮಲ್ಲೂ ಒಬ್ಬರು ನಿಲ್ಲಿಸಿದ್ದನ್ನು ಇನ್ನೊಬ್ಬರು ಮುಂದುವರಿಸುವುದು ಹೊಸದೇನಲ್ಲ. ಕುಮಾರವ್ಯಾಸ ಗದಾಪರ್ವದವರೆಗಿನ ಹತ್ತು ಪರ್ವಗಳನ್ನು ಬರೆದ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಿದ. ತಿಮ್ಮಣ್ಣನನ್ನು ಯಾರೂ ಅಪರಾಧಿ ಎನ್ನುವುದಿಲ್ಲ. ಹಾಗೆಂದು ಗಮಕಿಗಳ ಬಾಯಲ್ಲಿ ಉಳಿದವನು ಯಾರು ಎಂಬುದೂ ನಿಮಗೆ ಗೊತ್ತಿದೆ. ಅಲ್ಲಿ ಇಲ್ಲದ ಒಂದು ತೊಡಕು ಇಲ್ಲಿ ಇದೆ: ಕಥೆಯ ಒಡೆತನ. ಗೋಲಿಯಾತ್‌ನನ್ನು ರೂಪಿಸಿದ್ದು ವೈಸ್‌ಮನ್ ಮತ್ತು ಅವರ ತಂಡವಾದರೂ ಅವನ ಹಕ್ಕುಗಳು ಡಿಸ್ನಿಯವು. ಕಾನೂನಿನ ಲೆಕ್ಕದಲ್ಲಿ ಮೂರನೆಯ ಸೀಸನ್ ಪಕ್ಕಾ ಅಧಿಕೃತ. ವೈಸ್‌ಮನ್ ತಮ್ಮ ಲೆಕ್ಕದಲ್ಲಿ ಟಿವಿಯಲ್ಲಿ ಬಂದವುಗಳ ಪೈಕಿ ಮೊದಲ 65 ಕಂತುಗಳು ಮತ್ತು ‘ದಿ ಜರ್ನಿ’ಯನ್ನು ಮಾತ್ರ ಕ್ಯಾನನ್, ಅಂದರೆ ನಿಜವಾದ ಕಥೆ, ಎನ್ನುತ್ತಾರೆ, ಮತ್ತು ಅಭಿಮಾನಿಗಳಲ್ಲಿ ಬಹುಪಾಲು ಜನ ಒಡೆಯನನ್ನು ಬಿಟ್ಟು ಹೆತ್ತವನ ಮಾತನ್ನೇ ಹಿಡಿದಿದ್ದಾರೆ. 1997ರಿಂದ 2009ರವರೆಗೆ ಪ್ರತಿ ವರ್ಷ ‘ದಿ ಗ್ಯಾದರಿಂಗ್ ಆಫ್ ದ ಗಾರ್ಗಾಯ್ಲ್ಸ್’ ಎಂಬ ಸಮಾವೇಶ ನಡೆಸಿ ಸರಣಿಯನ್ನು ಬದುಕಿಸಿದವರು ಅವರೇ ಆದ್ದರಿಂದ, ಅವರ ಮಾತಿಗೂ ತೂಕವಿದೆ.

ಕೊನೆಗೆ, ನೋಡುವ ಕ್ರಮ. ‘ಹಂಟರ್ಸ್ ಮೂನ್’ನ ಮೂರು ಭಾಗ ಮುಗಿದ ಮೇಲೆ, ಅಂದರೆ ಗಾರ್ಗಾಯ್ಲ್‌ಗಳ ಇರವು ಊರಿಗೆಲ್ಲ ತಿಳಿದು ಅವರು ಕೋಟೆಗೆ ಮರಳಿದ ಮೇಲೆ, ‘ದಿ ಜರ್ನಿ’ ನೋಡಿ. ಗಾರ್ಗಾಯ್ಲ್‌ಗಳನ್ನು ಬೇಟೆಯಾಡಲು ಸುತ್ತಿಗೆ ಹಿಡಿದ ಕ್ವಾರಿಮೆನ್ ದಂಡು ಅಲ್ಲಿ ಹುಟ್ಟುತ್ತದೆ. ಅಲ್ಲಿಂದ ದಾರಿ ಕವಲೊಡೆಯುತ್ತದೆ. ಒಂದು ಕವಲು ಉಳಿದ ಹನ್ನೆರಡು ಕಂತುಗಳು. ಇನ್ನೊಂದು 2006ರಿಂದ 2009ರವರೆಗೆ ಎಸ್‌ಎಲ್‌ಜಿ ಪ್ರಕಾಶನ ಪ್ರಕಟಿಸಿದ, ವೈಸ್‌ಮನ್ ಬರೆದ ಕಾಮಿಕ್ಸ್. ಅದರ ಮೊದಲ ಎರಡು ಸಂಚಿಕೆಗಳು ‘ದಿ ಜರ್ನಿ’ಯನ್ನೇ ಮತ್ತೆ ಹೇಳುವುದರಿಂದ ಕಂತು ಸಿಗದಿದ್ದರೂ ಕಥೆ ತಪ್ಪುವುದಿಲ್ಲ. ಅಲ್ಲಿಯ ಕಥೆ 1996ರಲ್ಲೇ ನಡೆಯುತ್ತದೆ, ಎಷ್ಟರಮಟ್ಟಿಗೆಂದರೆ ಆ ವರ್ಷದ ನವೆಂಬರ್‌ನಲ್ಲಿ ಸ್ಕಾಟ್ಲೆಂಡಿನ ಪಟ್ಟಾಭಿಷೇಕದ ಶಿಲೆಯನ್ನು ಇಂಗ್ಲೆಂಡ್ ನಿಜವಾಗಿಯೂ ಹಿಂದಿರುಗಿಸಿದ ಘಟನೆಯನ್ನು ವೈಸ್‌ಮನ್ ಕಥೆಯೊಳಕ್ಕೆ ತಂದಿದ್ದಾರೆ. ಜನಾಟೋಸ್ ಕೂಡ ಅಲ್ಲಿ ತನ್ನ ಹಳೆಯ ಹಲ್ಲುಗಳನ್ನು ಮರಳಿ ಪಡೆದಿದ್ದಾನೆ. ಅದು ಮುಗಿದ ಮೇಲೆ 2022ರ ಡಿಸೆಂಬರ್‌ನಲ್ಲಿ ಡೈನಮೈಟ್ ಪ್ರಕಾಶನ ಆರಂಭಿಸಿದ ಹೊಸ ಕಾಮಿಕ್ಸ್ ಇದೆ. ಅದನ್ನು ಬರೆದವರೂ ಅವರೇ. ನಾನು ಮೊದಲು ಹನ್ನೆರಡು ಕಂತು ನೋಡಿ ಆಮೇಲೆ ಕಾಮಿಕ್ಸ್ ಹಿಡಿದೆ. ಬ್ರೆಂಟ್‌ವುಡ್ ಥೈಲಾಗ್‌ನ ಹಿಂದೆ ಹೊರಟಾಗ, ಈ ಹುಡುಗ ಕಲ್ಲಾಗಿ ಸತ್ತಿದ್ದನಲ್ಲ ಎಂದು ಒಂದು ಕ್ಷಣ ಗೊಂದಲವಾಗಿ ಪುಟ ಹಿಂದಕ್ಕೆ ತಿರುಗಿಸಿದ್ದೆ. ನಿಮಗೆ ಆ ಗೊಂದಲ ಬೇಡವಾದರೆ ಕಾಮಿಕ್ಸ್ ಮೊದಲು ಓದಿ.